ಮೊದಲ ಏರ್‌ಸಾಫ್ಟ್ ಗನ್ ಕೊಳ್ಳುವ ಮುನ್ನ

ಬ್ರಿಟನ್ನಿನಲ್ಲಿ ಓದು, ಕೆಲಸ ಅಂತ ಇರುವವರನ್ನು ಗೆಳೆಯರು ವಾರಾಂತ್ಯಕ್ಕೆ ಏರ್‌ಸಾಫ್ಟ್ ಆಡಲು ಕರೆಯುವುದುಂಟು. 6 ಮಿ.ಮೀ. ಪ್ಲಾಸ್ಟಿಕ್ ಗುಂಡು ಹೊಡೆದು ಎದುರು ತಂಡದವರನ್ನು ಔಟ್ ಮಾಡುವ ಆಟ ಇದು. ಒಮ್ಮೆ ಆಡಿದರೆ ಸ್ವಂತ ಗನ್ ಬೇಕು ಅನಿಸುತ್ತದೆ. ಆದರೆ ಅವಸರ ಬೇಡ.

ಮೊದಲ ಕೆಲವು ಆಟ ಬಾಡಿಗೆ ಗನ್‌ನಲ್ಲೇ ಆಡಿ. ಇದಕ್ಕೆ ಕಾನೂನಿನ ಕಾರಣವೂ ಇದೆ. ಅಲ್ಲಿ ಅಸಲಿಯಂತೆ ಕಾಣುವ ಗನ್ ಕೊಳ್ಳಲು 18 ತುಂಬಿರಬೇಕು, ಜೊತೆಗೆ ನೀವು ನಿಜವಾಗಿ ಆಡುವವರು ಎಂಬುದು ಅಂಗಡಿಯವರಿಗೆ ಗೊತ್ತಾಗಬೇಕು. ಅದಕ್ಕೆ ಹೆಚ್ಚಿನವರು ಯುಕಾರಾ (ಏರ್‌ಸಾಫ್ಟ್ ಅಂಗಡಿಯವರ ಸಂಘ) ಇಟ್ಟಿರುವ ಆಟಗಾರರ ಪಟ್ಟಿಯಲ್ಲಿ ನೋಂದಣಿ ಮಾಡಿಸುತ್ತಾರೆ. ಈ ನೋಂದಣಿಗೆ ಕನಿಷ್ಠ 56 ದಿನಗಳ ಅವಧಿಯಲ್ಲಿ 3 ಆಟ ಆಡಿರಬೇಕು. ನೋಂದಣಿ ಇಲ್ಲದಿದ್ದರೆ ಹೊಳೆಯುವ ನೀಲಿ, ಕಿತ್ತಳೆಯಂಥ ಎದ್ದು ಕಾಣುವ ಬಣ್ಣ ಬಳಿದ ಗನ್ ಸಿಗುತ್ತದೆ.

ಕೈಯಲ್ಲಿ ದುಡ್ಡಿದ್ದರೆ ಮೊದಲು ಕೊಳ್ಳಬೇಕಾದ್ದು ಕಣ್ಣಿನ ರಕ್ಷಣೆ. ಏರ್‌ಸಾಫ್ಟ್‌ಗೆಂದೇ ಮಾಡಿದ, ಸುತ್ತಲೂ ಮುಖಕ್ಕೆ ಅಂಟಿ ಕೂರುವ ಗಾಗಲ್ಸ್ ಬೇಕು. ಹಲ್ಲು ಮುಚ್ಚುವ ಮಾಸ್ಕ್ ಕೂಡ ಬೇಕು. ಇದರಲ್ಲಿ ಚೌಕಾಸಿ ಮಾಡಬೇಡಿ.

ಇನ್ನು ಗನ್. ಸ್ಪ್ರಿಂಗ್ ಗನ್ ಅಗ್ಗ, ಆದರೆ ಪ್ರತಿ ಗುಂಡಿಗೂ ಕೈಯಿಂದ ಎಳೆಯಬೇಕು. ಗ್ಯಾಸ್ ಗನ್‌ನ ಒದೆತ ಖುಷಿ ಕೊಡುತ್ತದೆ, ಆದರೆ ಚಳಿಗೆ ಗ್ಯಾಸಿನ ಒತ್ತಡ ಇಳಿದು ಗುಂಡು ಬೇಗ ನೆಲ ಕಾಣುತ್ತದೆ. ಹಾಗಾಗಿ ಹೊಸಬರಿಗೆ ನಾನು ಹೇಳುವುದು ಬ್ಯಾಟರಿಯ ಎಲೆಕ್ಟ್ರಿಕ್ ಗನ್, ಅದರಲ್ಲೂ ಅಮೆರಿಕದ ಸೈನಿಕರ ಎಂ4 ರೈಫಲ್‌ನಂತೆ ಕಾಣುವ ಮಾದರಿ. ಅದರ ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ), ಬಿಡಿಭಾಗ ಎಲ್ಲ ಕಡೆ ಸಿಗುತ್ತವೆ. ಅಂಗಡಿಯಲ್ಲಿ ಗಾಗಲ್ಸ್, ಮಾಸ್ಕ್ ಹಾಕಿಕೊಂಡೇ ಗನ್ ಹೆಗಲಿಗೇರಿಸಿ ನೋಡಿ. ಮಾಸ್ಕ್ ಅಡ್ಡ ಬಂದು ಗುರಿ ಕಾಣದೇ ಹೋದರೆ ಎಷ್ಟು ಚಂದದ ಗನ್ ಆದರೂ ಪ್ರಯೋಜನವಿಲ್ಲ, ಅಲ್ವಾ?

ಪವರ್ ಜಾಸ್ತಿ ಇದ್ದರೆ ಒಳ್ಳೆಯದು ಅಂತ ಅಂದುಕೊಳ್ಳಬೇಡಿ. ಆಟಕ್ಕೆ ಮುಂಚೆ ಮೈದಾನದವರು ಗುಂಡಿನ ವೇಗ ಅಳೆಯುತ್ತಾರೆ. 0.20 ಗ್ರಾಂ ಗುಂಡಿಗೆ ಸೆಕೆಂಡಿಗೆ 350 ಅಡಿ ಸಾಮಾನ್ಯ ಮಿತಿ, ಅಂದರೆ ಸುಮಾರು 1.14 ಜೂಲ್ ಶಕ್ತಿ. ದಾಟಿದರೆ ಆಡಲು ಬಿಡುವುದಿಲ್ಲ.

ದೂರ ಹೊಡೆಯುವ ಗುಟ್ಟು ಇರುವುದು ಹಾಪ್‌ಅಪ್‌ನಲ್ಲಿ. ನಳಿಗೆಯ ಬುಡದಲ್ಲಿರುವ ಪುಟ್ಟ ರಬ್ಬರ್ ತುಂಡು, ಗುಂಡಿನ ಮೇಲ್ಭಾಗಕ್ಕೆ ತಾಗಿ ಅದನ್ನು ಹಿಮ್ಮುಖವಾಗಿ ತಿರುಗಿಸುತ್ತದೆ, ಗುಂಡು ಗಾಳಿಯಲ್ಲಿ ಹೆಚ್ಚು ಹೊತ್ತು ತೇಲುತ್ತದೆ. ಹಾಪ್‌ಅಪ್ ಪೂರ್ತಿ ಇಳಿಸಿ ಶುರು ಮಾಡಿ. ಗುಂಡು ಬೇಗ ಬಿದ್ದರೆ ಸ್ವಲ್ಪ ಏರಿಸಿ, ಮೇಲಕ್ಕೆ ಹಾರಿದರೆ ಇಳಿಸಿ. ಬಯಲಿನಲ್ಲಿ 0.25 ಅಥವಾ 0.28 ಗ್ರಾಂ ಗುಂಡು ಗಾಳಿಗೆ ಅಷ್ಟಾಗಿ ಅಲುಗುವುದಿಲ್ಲ. ಗುಂಡಿನ ತೂಕ ಬದಲಿಸಿದಾಗಲೆಲ್ಲ ಹಾಪ್‌ಅಪ್ ಮತ್ತೆ ಹೊಂದಿಸಬೇಕು.

ಬ್ಯಾಟರಿಗೆ 7.4 ವೋಲ್ಟ್ ಲಿಪೋ (ಲಿಥಿಯಂ ಪಾಲಿಮರ್) ಸಾಕು. ಅದಕ್ಕೆಂದೇ ಇರುವ ಚಾರ್ಜರ್ ತೆಗೆದುಕೊಳ್ಳಿ, ಚಾರ್ಜಿಗಿಟ್ಟು ಮಲಗಬೇಡಿ. ಮನೆಯಿಂದ ಮೈದಾನಕ್ಕೆ ಹೋಗುವಾಗ ಮ್ಯಾಗಜೀನ್ ತೆಗೆದು, ಗನ್ನನ್ನು ಮುಚ್ಚಿದ ಬ್ಯಾಗಿನಲ್ಲೇ ಒಯ್ಯಿರಿ. ಬಸ್ಸು, ರೈಲಿನಲ್ಲಿ ಸುಮ್ನೆ ತೋರಿಸಲಿಕ್ಕೂ ಅದನ್ನು ಹೊರಗೆ ತೆಗೆಯಬೇಡಿ. ನೋಡಿದವರು ಅಸಲಿ ಅಂತಲೇ ಪೊಲೀಸರಿಗೆ ಫೋನ್ ಮಾಡುತ್ತಾರೆ.