ತುಳಸಿ ತೆನೆಯನ್ನೆಲ್ಲ ಚಿವುಟಬೇಡಿ, ಜೇನಿಗೂ ಸ್ವಲ್ಪ ಬಿಡಿ

ಕಲಬುರಗಿ, ವಿಜಯಪುರ ಕಡೆಯವರು ಕಡಿಮೆ ನೀರಿನ ಹೂಗಿಡ ಹುಡುಕುತ್ತಿದ್ದರೆ, ಕಟ್ಟೆಯ ತುಳಸಿಯನ್ನೇ ಹಿತ್ತಲಿನ ನೆಲಕ್ಕೂ ತನ್ನಿ. ಕುಂಡದ ಮಣ್ಣು ಬೇಗ ಒಣಗುತ್ತದೆ. ನೆಲದಲ್ಲಿ ಬೇರು ಆಳಕ್ಕೆ ಇಳಿದರೆ ಗಿಡ ಬಿಸಿಲು ತಡೆಯುತ್ತದೆ. ಚೆನ್ನಾಗಿ ನೋಡಿಕೊಂಡರೆ ಕೆಲವು ವರ್ಷ ಬಾಳುತ್ತದೆ.

ನಮ್ಮ ಎರೆಮಣ್ಣಿನಲ್ಲಿ ನೀರು ನಿಲ್ಲುವುದೇ ದೊಡ್ಡ ತೊಂದರೆ. ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ, ಸ್ವಲ್ಪ ಏರು ಮಾಡಿ ನೆಡಿ. ಮಳೆ ಶುರುವಾದಾಗ ನೆಟ್ಟರೆ ಬೇಸಿಗೆಯ ಹೊತ್ತಿಗೆ ಬೇರು ಕೂತಿರುತ್ತದೆ. ಆಮೇಲೆ ದಿನಾ ಒಂದು ಚೊಂಬು ಸುರಿಯುವುದಕ್ಕಿಂತ, ಮೇಲ್ಮಣ್ಣು ಒಣಗಿದ ಮೇಲೆ ಬುಡ ಪೂರ್ತಿ ನೆನೆಯುವಂತೆ ಹಾಕಿ. ಬುಡಕ್ಕೆ ತೊಗರಿ ಹೊಟ್ಟು ಹರಡಿದರೆ ತೇವ ಉಳಿಯುತ್ತದೆ.

ಈಗ ತೆನೆಯ ವಿಷಯ. ಎಲೆ ಜಾಸ್ತಿ ಬರಲಿ ಅಂತ ಎಲ್ಲರೂ ತೆನೆ ಚಿವುಟುತ್ತೇವೆ, ಅಲ್ವಾ? ಅದು ಸರಿಯೇ. ಎಲ್ಲವನ್ನೂ ಬೀಜಕ್ಕೆ ಬಿಟ್ಟರೆ ಗಿಡ ಕಟ್ಟಿಗೆಯಾಗಿ ಬೇಗ ಸೊರಗುತ್ತದೆ. ಆದರೆ ಅರ್ಧ ತೆನೆ ಬಿಡಿ. ಬೆಳಿಗ್ಗೆ ಹತ್ತಿರ ಕೂತು ನೋಡಿ: ಕೋಲುಜೇನು ಒಂದೊಂದೇ ನೇರಳೆ ಹೂವಿಗೆ ಮೂತಿಯಿಟ್ಟು, ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ. ಸುತ್ತ ಹೊಲವೆಲ್ಲ ಒಣಗಿದಾಗ ಅದಕ್ಕೆ ಈ ಪುಟ್ಟ ಹೂಗಳೂ ದೊಡ್ಡ ಆಸರೆ. ತೆನೆ ಕಂದಾದ ಕೂಡಲೇ, ಜೋಡಿ ಎಲೆಯ ಮೇಲೆ ಕತ್ತರಿಸಿ. ಅಲ್ಲಿಂದ ಎರಡು ಕವಲು ಒಡೆಯುತ್ತವೆ.

ಹುಳ ಕಂಡರೆ ದಯವಿಟ್ಟು ಅಂಗಡಿಯ ವಿಷ ಹೊಡೆಯಬೇಡಿ. ಬೇವಿನ ಎಣ್ಣೆ ಸಾಕು, ಅದೂ ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ.