ಒಂದು ‘ವ’, ಎರಡು ಸದ್ದು: ಇಂಗ್ಲಿಷ್ ಉಚ್ಚಾರಣೆ ತಿದ್ದಿಕೊಳ್ಳುವುದು ಹೇಗೆ?

ಇಂಗ್ಲಿಷ್ ಉಚ್ಚಾರಣೆ ಕಲಿಯಲು ಕೂತವರು ಸಾಮಾನ್ಯವಾಗಿ ಪದದ ಪಕ್ಕದಲ್ಲೇ ಅದನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ. ಎಡವುವುದು ಅಲ್ಲೇ. ‘ವೆಸ್ಟ್’ ಅಂತ ಬರೆದರೆ ಅದು ಒಳಂಗಿಯೋ, ಪಶ್ಚಿಮ ದಿಕ್ಕೋ? ಇಂಗ್ಲಿಷಿನಲ್ಲಿ ಒಂದು ‘ವಿ’ ಸದ್ದಿನಿಂದ ಶುರುವಾಗುತ್ತದೆ, ಇನ್ನೊಂದು ‘ಡಬ್ಲ್ಯು’ ಸದ್ದಿನಿಂದ. ನಮ್ಮಲ್ಲಿ ಎರಡಕ್ಕೂ ಒಂದೇ ‘ವ’.

ಹಾಗಾಗಿ ಮೊದಲ ಹಂತ, ಆ ಕನ್ನಡ ಬರಹವನ್ನು ಅಳಿಸಿಬಿಡುವುದು. ಕನ್ನಡ ಅಕ್ಷರದಲ್ಲಿ ಉಚ್ಚಾರಣೆ ಕೊಡುವ ದಿಢೀರ್ ಇಂಗ್ಲಿಷ್ ಪುಸ್ತಕಗಳನ್ನು ಈ ಕೆಲಸಕ್ಕೆ ಕೊಳ್ಳಲೇಬೇಡಿ. ಪದವನ್ನು ಓದಿ ಕೇಳಿಸುವ ನಿಘಂಟು ಫೋನಿನಲ್ಲಿದ್ದರೆ ಸಾಕು. ಜೊತೆಗೆ ಒಂದು ಸಣ್ಣ ಕನ್ನಡಿ, ತೆಳು ಕಾಗದದ ಚೂರು ಇಟ್ಟುಕೊಳ್ಳಿ.

ಎರಡನೇ ಹಂತದಲ್ಲಿ ಆತುರ ಬೇಡ. ಕನ್ನಡಿ ಎದುರು ಕೂತು, ಶಿಳ್ಳೆ ಹೊಡೆಯುವ ಹಾಗೆ ತುಟಿ ದುಂಡಗೆ ಮಾಡಿ. ‘ಉ’ ಅನ್ನಲು ಶುರುಮಾಡಿ, ತುಟಿ ಬಿಚ್ಚುತ್ತಾ ‘ಎಸ್ಟ್’ ಕಡೆಗೆ ಜಾರಿ. ಇದು ಡಬ್ಲ್ಯು, ಪಶ್ಚಿಮದ ವೆಸ್ಟ್. ಹಲ್ಲು ತುಟಿಗೆ ತಾಗಲೇಬಾರದು.

ಈಗ ‘ವಿ’. ಮೇಲಿನ ಹಲ್ಲಿನ ತುದಿಯನ್ನು ಕೆಳತುಟಿಯ ಒಳ ಅಂಚಿಗೆ ಮೆಲ್ಲಗೆ ತಾಗಿಸಿ, ದನಿ ಕೂಡಿಸಿ ಗಾಳಿ ಬಿಡಿ. ತುಟಿಗೆ ಕಚಗುಳಿ ಇಟ್ಟಂತಾಗಬೇಕು. ಮೂರು ಸೆಕೆಂಡ್ ಎಳೆಯಿರಿ. ಎಳೆಯಲು ಬರುತ್ತಿಲ್ಲವಾ? ತುಟಿಯನ್ನು ಕಚ್ಚಿ ಹಿಡಿದಿದ್ದೀರಿ, ಗಾಳಿಗೆ ದಾರಿಯೇ ಇಲ್ಲ. ಎಳೆಯಲು ಬಂದರೂ ಗಂಟಲ ಮೇಲಿಟ್ಟ ಬೆರಳಿಗೆ ನಡುಕ ಸಿಗದಿದ್ದರೆ ನೀವು ಹೇಳುತ್ತಿರುವುದು ‘ಎಫ್’.

ನಾಲ್ಕು ದಿನ ಕಳೆದ ಮೇಲೆ ಬೇರೆ ತೊಂದರೆ ಶುರುವಾಗುತ್ತದೆ. ಹೊಸದಾಗಿ ಕಲಿತ ಹಲ್ಲು ಎಲ್ಲ ಕಡೆಗೂ ಬಂದುಬಿಡುತ್ತದೆ, ‘ವಾಟರ್’ಗೂ, ‘ವೈಫ್’ಗೂ. ಇದನ್ನು ಎಷ್ಟೋ ಜನರಲ್ಲಿ ಕಂಡಿದ್ದೇನೆ. ಇದಕ್ಕೆ ನನ್ನ ಮದ್ದು ‘ವೆರಿ ವೆಲ್’. ಮೊದಲನೆಯದಕ್ಕೆ ಹಲ್ಲು, ಎರಡನೆಯದಕ್ಕೆ ದುಂಡು ತುಟಿ. ನಿಧಾನವಾಗಿ ಇಪ್ಪತ್ತು ಸಲ, ಕಣ್ಣು ಕನ್ನಡಿ ಮೇಲೇ ಇರಲಿ. ಕಿವಿಯನ್ನು ಇಲ್ಲಿ ನಂಬಬೇಡಿ. ಅದಕ್ಕೆ ಇನ್ನೂ ಎರಡೂ ಒಂದೇ ‘ವ’.

ಉಳಿದವು ಸುಲಭ. ಝಡ್‌ಗೆ ‘ಸ್’ ಎಂದು ಎಳೆಯುತ್ತಾ ಗಂಟಲು ನಡುಗಿಸಿ, ‘ಜ’ ಬೇಡ. ‘ಥಿಂಕ್’ ಅನ್ನುವಾಗ ನಾಲಿಗೆಯ ತುದಿ ಹಲ್ಲುಗಳ ನಡುವೆ ಬಂದು ಗಾಳಿ ನುಸುಳಲಿ. ಬಾಯಿಯ ಮುಂದೆ ಕಾಗದ ಹಿಡಿದು ‘ಪಿನ್’ ಅಂದರೆ ಅದು ಅಲುಗಬೇಕು, ‘ಸ್ಪಿನ್’ ಅಂದರೆ ಹೆಚ್ಚುಕಡಿಮೆ ಸುಮ್ನಿರಬೇಕು.

ಮೂರನೇ ಹಂತ, ದನಿಯ ಏರಿಳಿತ. ಪ್ರಶ್ನೆ ಅಂದ ಕೂಡಲೇ ದನಿ ಏರಿಸುವವರೇ ಜಾಸ್ತಿ. ಹೌದು, ಇಲ್ಲ ಅನ್ನುವ ಉತ್ತರ ಬೇಕಿದ್ದರೆ ಸಾಮಾನ್ಯವಾಗಿ ಏರಿಸಿ. ಏನು, ಎಲ್ಲಿ, ಯಾಕೆ ಅಂತ ಕೇಳುವಾಗ ಕೊನೆಗೆ ಇಳಿಸಿ. ಮೊದಲು ಬಾಯಿ ಮುಚ್ಚಿ ರಾಗವನ್ನಷ್ಟೇ ಗುನುಗಿ, ಆಮೇಲೆ ಪದ ಕೂಡಿಸಿ.

ಒತ್ತು ಕೊಡುವುದನ್ನೂ ಮರೆಯಬೇಡಿ. ನಾವು ‘ನಾನೇ ನೋಡಿದೆ’, ‘ನಿನ್ನೆಯೇ ನೋಡಿದೆ’ ಎಂದು ‘ಏ’ ಸೇರಿಸುತ್ತೇವೆ, ಅಲ್ವಾ? ಇಂಗ್ಲಿಷಿನಲ್ಲಿ ಆ ‘ಏ’ ಕೆಲಸವನ್ನು ಬಹುಪಾಲು ದನಿಯೇ ಮಾಡುತ್ತದೆ. ‘ಐ ಸಾ ಹಿಮ್ ಯೆಸ್ಟರ್‌ಡೇ’ ಅನ್ನುವಾಗ ‘ಐ’ ಮೇಲೆ ಒತ್ತಿದರೆ ನಾನೇ, ‘ಯೆಸ್ಟರ್‌ಡೇ’ ಮೇಲೆ ಒತ್ತಿದರೆ ನಿನ್ನೆಯೇ.

ಬರೀ ಅಂಕ ತೋರಿಸುವ ಆ್ಯಪ್‌ಗಳಿಂದ ನನಗೆ ಸಮಾಧಾನವಿಲ್ಲ. ತಪ್ಪಿದ್ದು ತುಟಿಯೋ ನಾಲಿಗೆಯೋ ಎಂದು ಅವು ಹೇಳುವುದಿಲ್ಲ. ಅದರ ಬದಲು ದಿನಾ ‘ವೇರ್ ಡು ಯು ಲಿವ್’ ಎಂದು ರೆಕಾರ್ಡ್ ಮಾಡಿ, ಮರುದಿನ ಕೇಳಿ. ಮೊದಲು ದುಂಡು ತುಟಿ, ಕೊನೆಯಲ್ಲಿ ಹಲ್ಲು, ದನಿ ಇಳಿಯುತ್ತಾ ಬರಬೇಕು. ‘ಲಿವು’ ಎಂದು ಬಾಲಕ್ಕೆ ‘ಉ’ ಅಂಟಿದ್ದರೆ ಹಲ್ಲನ್ನು ಬೇಗ ಬಿಟ್ಟಿದ್ದೀರಿ. ದನಿ ನಿಂತ ಮೇಲೆ ತೆಗೆಯಿರಿ.