ಜಮ್ಯಾತಿನ್‌ನ ‘ನಾವು’: ಓದುವ ಬಗೆ, ಪ್ರಭಾವವನ್ನು ಅಳೆಯುವ ಬಗೆ

ಯೆವ್ಗೆನಿ ಜಮ್ಯಾತಿನ್ 1920-21ರಲ್ಲಿ ರಷ್ಯನ್ ಭಾಷೆಯಲ್ಲಿ ಬರೆದ ‘ನಾವು’ ಕಾದಂಬರಿಯನ್ನು ಹೆಚ್ಚಿನ ಓದುಗರು ಹಿಂಬಾಗಿಲಿನಿಂದ ಪ್ರವೇಶಿಸುತ್ತಾರೆ. ಆ ಹಿಂಬಾಗಿಲು ಜಾರ್ಜ್ ಆರ್ವೆಲ್‌ನ ‘1984’, ಇದರಂತೆಯೇ ಪ್ರಜೆಗಳ ಬದುಕನ್ನೆಲ್ಲ ಹಿಡಿತದಲ್ಲಿಟ್ಟ ಪ್ರಭುತ್ವದ ಕತೆ. ನಾನೂ ಹಾಗೆಯೇ ಒಳಹೊಕ್ಕವನು. ಮೊದಲ ಓದಿನಲ್ಲಿ ಪೆನ್ಸಿಲ್ ಹಿಡಿದು ಕುಳಿತು, ಆರ್ವೆಲ್‌ನಲ್ಲಿ ಕಂಡದ್ದು ಇಲ್ಲಿಯೂ ಕಂಡಾಗಲೆಲ್ಲ ಅಂಚಿನಲ್ಲಿ ಒಂದೊಂದು ಗೆರೆ ಎಳೆಯುತ್ತ ಹೋದೆ. ಪುಸ್ತಕ ಮುಗಿದಾಗ ಗೆರೆಗಳ ಲೆಕ್ಕ ಸಿಕ್ಕಿತ್ತು, ಕಾದಂಬರಿ ಸಿಕ್ಕಿರಲಿಲ್ಲ. ಆದ್ದರಿಂದ ಈ ಕೃತಿಯನ್ನು ಓದುವ ಕೆಲಸವನ್ನೂ ಅದರ ಪ್ರಭಾವವನ್ನು ಹುಡುಕುವ ಕೆಲಸವನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು ಎಂಬುದು ನನ್ನ ಮೊದಲ ಸಲಹೆ. ಒಂದು ಮುಗಿಯುವ ತನಕ ಇನ್ನೊಂದಕ್ಕೆ ಕೈ ಹಾಕಬೇಡಿ.

ಓದಲು ಕೂರುವ ಮುನ್ನ ಲೇಖಕನ ಬಗ್ಗೆ ಎರಡು ಸಂಗತಿಗಳು ತಿಳಿದಿದ್ದರೆ ಸಾಕು. 1884ರಲ್ಲಿ ಲೆಬೆದ್ಯಾನ್ ಎಂಬ ಊರಿನಲ್ಲಿ ಹುಟ್ಟಿದ ಜಮ್ಯಾತಿನ್ ವೃತ್ತಿಯಿಂದ ಹಡಗು ಕಟ್ಟುವ ಎಂಜಿನಿಯರ್. ತಾರುಣ್ಯದಲ್ಲಿ ಬೋಲ್ಶೆವಿಕ್ ಆಗಿದ್ದು, ಝಾರ್ ಆಳ್ವಿಕೆಯಲ್ಲಿ ಸೆರೆಮನೆಯನ್ನೂ ಗಡೀಪಾರನ್ನೂ ಕಂಡವನು. ಇದು ಒಂದು. 1916-17ರಲ್ಲಿ ಆತ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿದ್ದು, ರಷ್ಯಾಕ್ಕಾಗಿ ತಯಾರಾಗುತ್ತಿದ್ದ ಮಂಜುಗಡ್ಡೆ ಒಡೆಯುವ ಹಡಗುಗಳ ಮೇಲ್ವಿಚಾರಣೆ ನೋಡಿಕೊಂಡದ್ದು ಇನ್ನೊಂದು. ಅಲ್ಲಿನ ಬದುಕನ್ನು ಕುರಿತು ಬರೆದ ‘ದ್ವೀಪವಾಸಿಗಳು’ ಎಂಬ ಕತೆಯಲ್ಲಿ ಒಬ್ಬ ಪಾದ್ರಿ ಊಟಕ್ಕೆ, ಪ್ರಾರ್ಥನೆಗೆ, ಕೊನೆಗೆ ಹೆಂಡತಿಯ ಸಂಗಕ್ಕೂ ವೇಳಾಪಟ್ಟಿ ಹಾಕಿಟ್ಟಿರುತ್ತಾನೆ. ‘ನಾವು’ ಕಾದಂಬರಿಯ ಬೀಜ ಅಲ್ಲಿದೆ. ಇದನ್ನು ಕೇವಲ ಸೋವಿಯತ್ ಆಡಳಿತದ ಮೇಲಿನ ವಿಡಂಬನೆ ಎಂದುಕೊಂಡು ಓದಿದವರು ಅರ್ಧ ಪುಸ್ತಕವನ್ನು ಕಳೆದುಕೊಳ್ಳುತ್ತಾರೆ. ಕಾದಂಬರಿಯ ನಿರೂಪಕ ಪ್ರಾಚೀನರಲ್ಲಿ ಮಹಾ ಪ್ರತಿಭಾವಂತನೆಂದು ಕೊಂಡಾಡುವುದು ಮಾರ್ಕ್ಸ್‌ನನ್ನಲ್ಲ, ಕಾರ್ಖಾನೆಯ ಕೂಲಿಯ ಒಂದೊಂದು ಚಲನೆಯನ್ನೂ ಗಡಿಯಾರ ಹಿಡಿದು ಅಳೆದ ಅಮೆರಿಕದ ಟೇಲರ್‌ನನ್ನು. ತತ್ತ್ವಜ್ಞಾನಿ ಕ್ಯಾಂಟ್‌ನ ಬಗ್ಗೆ ಗ್ರಂಥಾಲಯ ತುಂಬ ಬರೆದ ಜನ ಟೇಲರ್‌ನನ್ನು ಗಮನಿಸಲೇ ಇಲ್ಲವಲ್ಲ ಎಂದು ಅವನು ಮನಸಾರೆ ಸೋಜಿಗಪಡುತ್ತಾನೆ.

ಇನ್ನು ಓದು. ಕಾದಂಬರಿಯಲ್ಲಿ 40 ಟಿಪ್ಪಣಿಗಳಿವೆ. ಅವೆಲ್ಲವನ್ನೂ ಬರೆಯುವವನು ಡಿ-503 ಎಂಬ ಗಣಿತಜ್ಞ, ‘ಇಂಟೆಗ್ರಲ್’ ಎಂಬ ಅಂತರಿಕ್ಷ ನೌಕೆಯ ನಿರ್ಮಾಪಕ. ಅವನಿರುವ ಭವಿಷ್ಯದ ಪ್ರಭುತ್ವದ ಹೆಸರು ‘ಏಕರಾಷ್ಟ್ರ’; ಅಲ್ಲಿ ಮನೆಗಳೆಲ್ಲ ಗಾಜಿನವು, ಜನರಿಗೆ ಹೆಸರಿಲ್ಲ, ಸಂಖ್ಯೆಯಷ್ಟೇ. ಪೆಟ್ರೋಲಿಯಂನಿಂದ ತಯಾರಾದ ಆಹಾರದ ಪ್ರತಿ ತುತ್ತನ್ನು 50 ಸಲ ಅಗಿಯಬೇಕು, ಸಂಗಾತಿಯೊಡನೆ ಕೂಡಲು ಕೊಡುವ ಗುಲಾಬಿ ಬಣ್ಣದ ಚೀಟಿ ತೋರಿಸಿದರೆ ಮಾತ್ರ ಪರದೆ ಇಳಿಸುವ ಅನುಮತಿ. ದಿನಕ್ಕೆ ಎರಡು-ಮೂರು ಟಿಪ್ಪಣಿಗಳಿಗಿಂತ ಹೆಚ್ಚು ಓದಬೇಡಿ. ಇದು ದಿನಚರಿಯಾದ್ದರಿಂದ, ಬರೆಯುವವನ ಮನಸ್ಸು ನಿನ್ನೆಗೂ ಇಂದಿಗೂ ಎಷ್ಟು ಜರುಗಿದೆ ಎಂಬುದೇ ಇಲ್ಲಿನ ನಿಜವಾದ ಕತೆ. ಒಂದೇ ಉಸಿರಿನಲ್ಲಿ ಓದಿದರೆ ಆ ಜರುಗುವಿಕೆ ಕಣ್ಣಿಗೆ ಬೀಳುವುದಿಲ್ಲ.

ಅದನ್ನು ಹಿಡಿಯಲು ಒಂದು ಸರಳ ಉಪಾಯವಿದೆ: ಸರ್ವನಾಮಗಳ ಮೇಲೆ ಕಣ್ಣಿಡಿ. ಮೊದಲ ಟಿಪ್ಪಣಿಯಲ್ಲಿ ಡಿ-503 ಸರ್ಕಾರಿ ಪತ್ರಿಕೆಯ ಪ್ರಕಟಣೆಯೊಂದನ್ನು ಅಕ್ಷರಶಃ ನಕಲು ಮಾಡಿ, ತಾನು ಕಂಡದ್ದನ್ನೂ ಯೋಚಿಸಿದ್ದನ್ನೂ ಬರೆಯುವೆನೆಂದು ಹೇಳಿ, ತಕ್ಷಣ ತಿದ್ದಿಕೊಂಡು, ಸರಿಯಾಗಿ ಹೇಳಬೇಕೆಂದರೆ ‘ನಾವು’ ಯೋಚಿಸಿದ್ದು ಎನ್ನುತ್ತಾನೆ. ಪುಸ್ತಕಕ್ಕೆ ಹೆಸರು ಬರುವುದು ಆ ತಿದ್ದುಪಡಿಯಿಂದ. ಆದರೆ ಅದೇ ಪುಟದಲ್ಲಿ ಅವನ ಕೆನ್ನೆ ಬಿಸಿಯೇರುತ್ತದೆ, ಬಸಿರಲ್ಲಿ ಮೊದಲ ಮಿಡಿತ ಕೇಳಿದ ಹೆಣ್ಣಿನ ಸ್ಥಿತಿ ತನ್ನದೆಂದು ಬರೆಯುತ್ತಾನೆ, ಅಂದರೆ ‘ನಾನು’ ಆಗಲೇ ನುಸುಳಿಬಿಟ್ಟಿದೆ. ಕನ್ನಡದಲ್ಲಿ ಈ ಎರಡು ಪದಗಳ ನಡುವೆ ಒಂದೇ ಅಕ್ಷರದ ಅಂತರ. ನಮ್ಮ ‘ನಾವು’ ರಷ್ಯನ್ನಿನ ಸರ್ವನಾಮದ ಹಾಗೆಯೇ ಕೇಳುವವನನ್ನು ಒಳಗೆ ಸೇರಿಸಿಕೊಂಡಿತೋ ಹೊರಗಿಟ್ಟಿತೋ ಹೇಳುವುದಿಲ್ಲ; ತೆಲುಗಿನವರಾದರೆ ‘ಮನಂ’, ‘ಮೇಮು’ ಎಂಬೆರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕಾಗುತ್ತಿತ್ತು. 1929ರ ಫ್ರೆಂಚ್ ಅನುವಾದದ ಶೀರ್ಷಿಕೆ ‘ನೂ ಜೋತ್ರ’, ಅಂದರೆ ‘ನಿಮ್ಮಂಥವರಲ್ಲದ ನಾವು’ ಎಂಬ ಛಾಯೆಯುಳ್ಳದ್ದು. ಅದು ಗೋಡೆಯ ಒಂದು ಬದಿಗೆ ನಿಂತುಬಿಟ್ಟ ಶೀರ್ಷಿಕೆ ಎಂದು ನನಗನ್ನಿಸುತ್ತದೆ. ಮೂಲಕ್ಕೆ ಆ ಹಟವಿಲ್ಲ.

ವಾಕ್ಯಗಳು ಒಡೆಯುವುದನ್ನೂ ಗಮನಿಸಿ. ಪ್ರಭುತ್ವಕ್ಕೆ ತಿರುಗಿಬಿದ್ದ ಐ-330 ಎಂಬ ಹೆಣ್ಣು ಎದುರಾದ ಮೇಲೆ, ಲೆಕ್ಕದಂತೆ ಸಾಗುತ್ತಿದ್ದ ಗದ್ಯದಲ್ಲಿ ಅಡ್ಡಗೆರೆಗಳು ಹೆಚ್ಚುತ್ತವೆ, ಮಾತು ಅರ್ಧಕ್ಕೆ ನಿಲ್ಲುತ್ತದೆ, ಶಾಲೆಯ ದಿನಗಳಲ್ಲಿ ಡಿ-503ನನ್ನು ಅಳಿಸಿದ ಋಣ ಒಂದರ ವರ್ಗಮೂಲ (√−1) ಮತ್ತೆ ಮತ್ತೆ ಕಾಡುತ್ತದೆ. ವೈದ್ಯನೊಬ್ಬ ಅವನನ್ನು ಪರೀಕ್ಷಿಸಿ, ನಿನ್ನೊಳಗೆ ಆತ್ಮ ಹುಟ್ಟಿಕೊಂಡಿದೆ ಎಂದು ರೋಗದ ಹೆಸರು ಹೇಳುವ ಹಾಗೆ ಹೇಳುತ್ತಾನೆ. ಆದ್ದರಿಂದ ಇಂಗ್ಲಿಷ್ ಅನುವಾದವನ್ನು ಆರಿಸುವಾಗ ಈ ಒಡಕನ್ನು ಸರಿಪಡಿಸಿ ನುಣುಪುಗೊಳಿಸಿದ ಅನುವಾದ ಬೇಡ. ಮಿರಾ ಗಿನ್ಸ್‌ಬರ್ಗ್ (1972), ಕ್ಲಾರೆನ್ಸ್ ಬ್ರೌನ್ (1993), ನತಾಶಾ ರ್‍ಯಾಂಡಲ್ (2006) ಇವರ ಅನುವಾದಗಳಲ್ಲಿ ಯಾವುದಾದರೂ ಎರಡರ ಮೊದಲ ಟಿಪ್ಪಣಿಯನ್ನು ಅಕ್ಕಪಕ್ಕ ಇಟ್ಟು ನೋಡಿ, ಕಿವಿಗೆ ಒಗ್ಗಿದ್ದನ್ನು ಹಿಡಿಯಿರಿ. ಇಂಗ್ಲಿಷಿನಲ್ಲಿ ಓದುವವರು ‘ಐ’ ಎಂಬ ಅಕ್ಷರವನ್ನು ‘ನಾನು’ ಎಂದು ಬಿಡಿಸಿ ಸಂತೋಷಪಡುವುದುಂಟು. ರಷ್ಯನ್ ಓದುಗನಿಗೆ ಆ ಶ್ಲೇಷೆ ಕೇಳಿಸದು. ಆದರೆ ಜಮ್ಯಾತಿನ್‌ಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತಾದ್ದರಿಂದ ಆ ಓದನ್ನು ಪೂರ್ತಿ ತಳ್ಳಿಹಾಕುವ ಧೈರ್ಯ ನನಗಿಲ್ಲ.

ಈಗ ಎರಡನೆಯ ಕೆಲಸಕ್ಕೆ ಬರೋಣ. ಪ್ರಭಾವವನ್ನು ಹೋಲಿಕೆಯಿಂದ ಅಳೆಯಲಾಗದು. ಯಾರು, ಯಾವ ಭಾಷೆಯಲ್ಲಿ, ಯಾವಾಗ ಓದಿದರು ಎಂಬುದರಿಂದ ಅಳೆಯಬೇಕು. ಅದಕ್ಕಾಗಿ ಮೊದಲು ಪ್ರಕಟಣೆಯ ಇಸವಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸೋವಿಯತ್ ರಷ್ಯಾದಲ್ಲಿ ಪ್ರಕಟಣೆಗೆ ಅವಕಾಶ ಸಿಗದ ಈ ಕೃತಿ ಮೊದಲು ಅಚ್ಚಾದದ್ದು 1924ರಲ್ಲಿ, ನ್ಯೂಯಾರ್ಕಿನಲ್ಲಿ, ಗ್ರೆಗರಿ ಜಿಲ್‌ಬೋರ್ಗ್‌ನ ಇಂಗ್ಲಿಷ್ ಅನುವಾದವಾಗಿ. 1927ರಲ್ಲಿ ಪ್ರಾಗ್‌ನ ವಲಸಿಗರ ಪತ್ರಿಕೆಯೊಂದು ಮೂಲದ ಭಾಗಗಳನ್ನು, ಅವು ಜೆಕ್ ಭಾಷೆಯಿಂದ ಮರಳಿ ರಷ್ಯನ್‌ಗೆ ಅನುವಾದಗೊಂಡವು ಎಂಬ ವೇಷ ತೊಡಿಸಿ ಪ್ರಕಟಿಸಿತು. ಲೇಖಕನನ್ನು ಕಾಪಾಡಲು ಹೂಡಿದ ಆ ಉಪಾಯ ಫಲಿಸಲಿಲ್ಲ. 1929ರಲ್ಲಿ ಅದನ್ನೇ ಮುಂದಿಟ್ಟು ಜಮ್ಯಾತಿನ್‌ನ ವಿರುದ್ಧ ಪ್ರಚಾರ ನಡೆಯಿತು, 1931ರಲ್ಲಿ ಆತ ಸ್ಟಾಲಿನ್‌ಗೆ ಪತ್ರ ಬರೆದು, ಹಿರಿಯ ಲೇಖಕ ಗೋರ್ಕಿಯ ನೆರವಿನಿಂದ ದೇಶ ಬಿಟ್ಟು, 1937ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ. ರಷ್ಯನ್ ಮೂಲ ಪೂರ್ತಿಯಾಗಿ ಪುಸ್ತಕರೂಪದಲ್ಲಿ ಬಂದದ್ದು 1952ರಲ್ಲಿ, ಅದೂ ನ್ಯೂಯಾರ್ಕಿನಲ್ಲಿ. ಅವನ ಸ್ವಂತ ನಾಡಿನಲ್ಲಿ ಅಚ್ಚಾಗಲು 1988 ಬರಬೇಕಾಯಿತು.

ಈ ಹಾಳೆಯ ಪಕ್ಕದಲ್ಲಿ ಆರ್ವೆಲ್‌ನನ್ನು ಇಡಿ. ರಷ್ಯನ್ ಸಾಹಿತ್ಯದ ವಿದ್ವಾಂಸ ಗ್ಲೆಬ್ ಸ್ತ್ರುವೆಯ ಪುಸ್ತಕದಿಂದ ‘ನಾವು’ ವಿಷಯ ತಿಳಿದ ಆರ್ವೆಲ್ 1944ರ ಫೆಬ್ರುವರಿಯಲ್ಲಿ ಅವನಿಗೆ ಪತ್ರ ಬರೆದು, ಇಂಥ ಪುಸ್ತಕಗಳಲ್ಲಿ ತನಗೆ ಆಸಕ್ತಿಯಿದೆ, ತಾನೂ ಅಂಥದ್ದೊಂದಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೇನೆ ಎಂದು ತಿಳಿಸುತ್ತಾನೆ. ಫ್ರೆಂಚ್ ಅನುವಾದದಲ್ಲಿ ಓದಿ 1946ರ ಜನವರಿ 4ರ ‘ಟ್ರಿಬ್ಯೂನ್’ ಪತ್ರಿಕೆಯಲ್ಲಿ ವಿಮರ್ಶೆ ಬರೆಯುತ್ತಾನೆ. ‘1984’ ಹೊರಬರುವುದು 1949ರಲ್ಲಿ. ಹೀಗಾಗಿ ಓದಿದ್ದು ನಿಜ, ಓದುವ ಮೊದಲೇ ತನ್ನದೊಂದು ಯೋಚನೆ ಇದ್ದದ್ದೂ ನಿಜ. ಕದ್ದನೆಂದು ಕೂಗುವವರು ಎರಡನೆಯದನ್ನು ಮರೆಯುತ್ತಾರೆ, ಆರ್ವೆಲ್‌ನ ಅಭಿಮಾನಿಗಳು ಮೊದಲನೆಯದನ್ನು ಹಗುರ ಮಾಡುತ್ತಾರೆ.

ಪಡೆದದ್ದು ಏನಾಯಿತು ಎಂಬುದನ್ನು ನೋಡಲು ಒಂದೇ ಒಂದು ಎಳೆಯನ್ನು ಹಿಡಿದು ಜಗ್ಗಿ ನೋಡಿ. ಜಮ್ಯಾತಿನ್‌ನ ಏಕರಾಷ್ಟ್ರದಲ್ಲಿ ಎರಡೆರಡಲ ನಾಲ್ಕು ಎಂಬುದು ಪ್ರಭುತ್ವದ ಹೆಮ್ಮೆ. ನಾಲ್ಕರಲ್ಲಿ ಒಂದಾದ ಎರಡು ಎರಡುಗಳ ಶಾಶ್ವತ ಪ್ರೇಮವನ್ನು ಕುರಿತ ಸಾನೆಟ್ಟನ್ನು ಡಿ-503 ಮೆಚ್ಚಿ ಓದುತ್ತಾನೆ. ಆರ್ವೆಲ್‌ನಲ್ಲಿ ಎರಡಕ್ಕೆ ಎರಡು ಸೇರಿದರೆ ನಾಲ್ಕು ಎನ್ನಲು ಸಿಗುವ ಅವಕಾಶವೇ ಸ್ವಾತಂತ್ರ್ಯ, ಪ್ರಭುತ್ವ ಐದು ಎನ್ನಿಸುತ್ತದೆ. ಒಬ್ಬನಲ್ಲಿ ಸರಪಳಿಯಾದ ಲೆಕ್ಕ ಇನ್ನೊಬ್ಬನಲ್ಲಿ ಬಿಡುಗಡೆ. ಪಾತ್ರಗಳಲ್ಲೂ ಹೀಗೆಯೇ: ‘1984’ರ ನಾಯಕ ವಿನ್‌ಸ್ಟನ್ ಸ್ಮಿತ್ ಮೊದಲ ಪುಟದಿಂದಲೇ ನಂಬಿಕೆ ಕಳೆದುಕೊಂಡವನು, ಡಿ-503 ಕೊನೆಯವರೆಗೂ ನಂಬಲು ಹೆಣಗುವವನು. ಇನ್ನೂ ಹಿಂದಕ್ಕೆ ಹೋದರೆ ಈ ಲೆಕ್ಕದ ಜಗಳ ದಸ್ತಯೇವ್‌ಸ್ಕಿಯದು. 1864ರ ‘ನೆಲಮಾಳಿಗೆಯ ಟಿಪ್ಪಣಿಗಳು’ ಕೃತಿಯ ನಾಯಕನಿಗೆ ಎರಡೆರಡಲ ನಾಲ್ಕು ಸೊಂಟದ ಮೇಲೆ ಕೈಯಿಟ್ಟು ದಾರಿಗೆ ಅಡ್ಡ ನಿಂತ ಉದ್ಧಟನಂತೆ ಕಾಣುತ್ತದೆ. ಎರಡೆರಡಲ ಐದು ಕೂಡ ಒಮ್ಮೊಮ್ಮೆ ಸೊಗಸಾಗಿರುತ್ತದೆ ಎಂದು ಅವನು ಹೇಳುತ್ತಾನೆ.

ಉಳಿದವರ ವಿಷಯದಲ್ಲಿ ಎಚ್ಚರ ಬೇಕು. ಆಲ್ಡಸ್ ಹಕ್ಸ್‌ಲಿಯ 1932ರ ‘ಬ್ರೇವ್ ನ್ಯೂ ವರ್ಲ್ಡ್’ ಇದರಿಂದಲೇ ಬಂದಿರಬೇಕೆಂದು ಆರ್ವೆಲ್ ಅನುಮಾನಿಸಿದ, ಹಕ್ಸ್‌ಲಿ ನಿರಾಕರಿಸಿದ. ಇಂಥ ಕಡೆ ಸಮಾನ ಪೂರ್ವಜನನ್ನು ಹುಡುಕುವುದು ಲೇಸು: ಹಕ್ಸ್‌ಲಿ ವಿಜ್ಞಾನ ಕಾದಂಬರಿಕಾರ ಎಚ್. ಜಿ. ವೆಲ್ಸ್‌ನಿಗೆ ಉತ್ತರ ಕೊಡಲು ಹೊರಟವನು, ಜಮ್ಯಾತಿನ್ ವೆಲ್ಸ್‌ನ ಕೃತಿಗಳ ರಷ್ಯನ್ ಅನುವಾದಗಳನ್ನು ಸಂಪಾದಿಸಿದವನು. ಐನ್ ರ್‍ಯಾಂಡ್‌ಳ ‘ಆಂಥೆಮ್’ನಲ್ಲಿ (1938) ಹೆಸರಿನೊಡನೆ ಸಂಖ್ಯೆಯಿದೆ, ‘ನಾನು’ ಎಂಬ ಪದವೇ ಕಳೆದುಹೋಗಿದೆ, ಆಕೆ ಪೆಟ್ರೋಗ್ರಾಡ್‌ನಲ್ಲಿ ಓದಿದವಳು. ಇಷ್ಟಾದರೂ ಅದನ್ನು ಹೋಲಿಕೆಯ ಪಟ್ಟಿಯಲ್ಲಿ ಬರೆಯಿರಿ, ಪ್ರಭಾವದ ಪಟ್ಟಿಯಲ್ಲಿ ಬೇಡ. ಕರ್ಟ್ ವಾನೆಗಟ್ ಈ ತಂಟೆಯನ್ನೇ ಇಟ್ಟುಕೊಳ್ಳಲಿಲ್ಲ: ತನ್ನ ‘ಪ್ಲೇಯರ್ ಪಿಯಾನೊ’ದ ಕಥಾವಸ್ತುವನ್ನು ಹಕ್ಸ್‌ಲಿಯಿಂದ ಖುಷಿಯಾಗಿ ಎತ್ತಿಕೊಂಡೆ, ಹಕ್ಸ್‌ಲಿ ಜಮ್ಯಾತಿನ್‌ನಿಂದ ಖುಷಿಯಾಗಿ ಎತ್ತಿಕೊಂಡಿದ್ದ ಎಂದು 1973ರ ಸಂದರ್ಶನವೊಂದರಲ್ಲಿ ನಕ್ಕುಬಿಟ್ಟ. ಅರ್ಸುಲಾ ಲೆ ಗ್ವಿನ್ ಮಾತ್ರ ಬಹಿರಂಗವಾಗಿ ಋಣ ಒಪ್ಪಿಕೊಂಡವಳು. ಅಲ್ಲಿಯವರೆಗಿನ ವಿಜ್ಞಾನ ಕಾದಂಬರಿಗಳಲ್ಲಿ ‘ನಾವು’ ಕೃತಿಯೇ ಶ್ರೇಷ್ಠವೆಂದು ಬರೆದಳು.

ಇಷ್ಟೆಲ್ಲ ಆದ ಮೇಲೆ 40ನೆಯ ಟಿಪ್ಪಣಿಗೆ ಹಿಂತಿರುಗಿ. ಕಲ್ಪನಾಶಕ್ತಿಯನ್ನು ತೆಗೆದುಹಾಕುವ ಶಸ್ತ್ರಕ್ರಿಯೆ ಮುಗಿದಿದೆ. ಡಿ-503 ತನ್ನ ಹಳೆಯ ಹಾಳೆಗಳನ್ನು ನೋಡಿ, ಬರಹ ನನ್ನದೇ, ಈಗಿನದೂ ಅದೇ ಬರಹ, ಪುಣ್ಯಕ್ಕೆ ಬರಹ ಮಾತ್ರ ಎಂದು ಬರೆಯುತ್ತಾನೆ. ಐ-330ಳನ್ನು ಗಾಳಿ ಹೀರಿದ ಗಂಟೆಯಾಕಾರದ ಗಾಜಿನ ಪಾತ್ರೆಯೊಳಗೆ ಕೂರಿಸಿ ಹಿಂಸಿಸಿದಾಗ ಅವನು ಎದುರಿಗೆ ಕುಳಿತು ನೋಡುತ್ತಾನೆ. ಏಕರಾಷ್ಟ್ರವನ್ನು ಹೊರಗಿನ ಕಾಡಿನಿಂದ ಬೇರ್ಪಡಿಸುವ ಹಸಿರು ಗೋಡೆಯ ಆಚೆ ಓ-90 ಎಂಬ ಅವನ ಹಳೆಯ ಸಂಗಾತಿ ಅವನ ಮಗುವನ್ನು ಹೊತ್ತಿದ್ದಾಳೆ, ಅದರ ನೆನಪು ಅವನಿಗಿಲ್ಲ. ಪೆನ್ಸಿಲ್ ಇನ್ನೂ ಕೈಯಲ್ಲಿದ್ದರೆ ಕೊನೆಯ ಸಾಲುಗಳ ಸರ್ವನಾಮಗಳಿಗೆ ಗುರುತು ಹಾಕಿ: ಗೆಲ್ಲುವವರು ‘ನಾವು’, ಹಾಗೆಂದು ಖಾತ್ರಿ ಕೊಡುವವನು ಮಾತ್ರ ಈಗಲೂ ‘ನಾನು’.